ಮೂಲೆ ಎತ್ತಿ ನೋಡುವವಳು

ಆ ಫೋಟೋದಲ್ಲಿ ಒಬ್ಬ ಹೆಂಗಸು ಮೇಜಿನ ಮೇಲೆ ನಿಂತಿದ್ದಾಳೆ. ಮೈಮೇಲೆ ಗಂಡಸರ ಅಂಗಿ. ಬಲಗೈ ಅರ್ಧ ಮೇಲೆದ್ದು, ಪೂರ್ತಿ ಏಳಲಾಗದೆ ಅಲ್ಲೇ ಸಿಕ್ಕಿಕೊಂಡಿದೆ. ಅಂಗಿಯ ಬಲತೋಳು ಕಂಕುಳ ಹತ್ತಿರ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿದೆ. ಮುಖದಲ್ಲಿ ನಗು ಇದೆ. ಆ ನಗು ಅವಳದ್ದಲ್ಲ. ಎದುರಿಗೆ ಇನ್ನೂರು ಜನ ನಗುತ್ತಿರುವಾಗ, ನಾನೂ ನಕ್ಕುಬಿಟ್ಟರೆ ಇದು ಬೇಗ ಮುಗಿದೀತು ಎಂದು ಮುಖಕ್ಕೆ ತಾನಾಗಿ ಬಂದು ಕೂತ ನಗು. ಕೆಳಗೆ ದಪ್ಪ ಅಕ್ಷರಗಳಲ್ಲಿ ಬರೆದಿದೆ: ಹೀಗೆ ಮಾಡಬೇಡಿ.

ಹನ್ನೊಂದು ವರ್ಷ ಈ ಫೋಟೋ ಒಂದು ಅಂಗಿ ಕಾರ್ಖಾನೆಯ ನೋಟಿಸ್ ಬೋರ್ಡಿನಲ್ಲಿತ್ತು. ಬೋರ್ಡು ಇದ್ದದ್ದು ಕೈತೊಳೆಯುವ ನಲ್ಲಿಗಳ ಮೇಲೆ. ಅಂದರೆ ಊಟಕ್ಕೆ ಮುಂಚೆ ಒಂದು ಸಲ, ಊಟವಾದ ಮೇಲೆ ಒಂದು ಸಲ, ಅಲ್ಲಿ ದುಡಿಯುವ ಪ್ರತಿಯೊಬ್ಬರೂ ಅದನ್ನು ನೋಡಲೇಬೇಕು. ಫೋಟೋದಲ್ಲಿರುವ ಹೆಂಗಸೂ ನೋಡಬೇಕು. ಅವಳೂ ಕೈ ತೊಳೆಯಬೇಕಲ್ಲ!

ಆ ಇನ್ನೂರು ಜನರಲ್ಲಿ ನಾನೂ ಒಬ್ಬ. ಆಗ ನಾನು ಅಲ್ಲಿ ಪೆಟ್ಟಿಗೆಗಳಿಗೆ ಟೇಪು ಅಂಟಿಸುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಮುಂದೆ ಬೇರೆಯವರ ಮೇಲೆ ಕೂಗಾಡಲಿದ್ದೇನೆ. ನಾನು ಕೆಲಸ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ ಒಂದು ದಿನ ಅವಳು ಸಿಕ್ಕಿದಳು. ಗುರುತು ಸಿಕ್ಕಿತಾ ಎಂದೆ. "ಸಿಕ್ಕದೆ ಏನು? ನೀವು ಬಾಯಿಗೆ ಕೈ ಅಡ್ಡ ಇಟ್ಕೊಂಡು ನಕ್ಕಿದ್ರಿ" ಎಂದಳು. ಕೋಪವಿರಲಿಲ್ಲ, ಕೊಂಕಿರಲಿಲ್ಲ. ಯಾರು ಹೇಗೆ ನಕ್ಕರು ಎಂಬುದು ಅವಳಿಗೆ ಸಾಲುಸಾಲಾಗಿ ನೆನಪಿತ್ತು, ಅಷ್ಟೇ. ಮುಂದಿನದೆಲ್ಲ ಅವಳು ಹೇಳಿದ್ದು, ಅವಳ ಗಂಡ ಹೇಳಿದ್ದು, ಕಾರ್ಖಾನೆಯಲ್ಲಿದ್ದವರು ಹೇಳಿದ್ದು, ನಾನು ಕಣ್ಣಾರೆ ಕಂಡದ್ದು.

ಅವಳನ್ನು ಎಲ್ಲರೂ ಕತ್ತರಿ ಅಕ್ಕ ಎನ್ನುತ್ತಿದ್ದರು. ಹೊಲಿಯುವ ಸಾಲಿಗೆ ಬರುವ ಪ್ರತಿ ತುಂಡು ಬಟ್ಟೆಯೂ ಮೊದಲು ಅವಳ ಕೈಯಿಂದ ಹಾದು ಬರಬೇಕು. ಕತ್ತರಿಸುವ ಮೇಜು ಒಂದು ಬಸ್ಸಿನಷ್ಟು ಉದ್ದ. ಅದರ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರ ಹಾಸುತ್ತಾರೆ. ಅದಕ್ಕೆ 'ಹಾಸು' ಎಂದೇ ಹೆಸರು. ಹಾಸಿನ ಮೇಲೆ ಗೆರೆ ಎಳೆದ ಕಾಗದ ಬರುತ್ತದೆ. ಕಾಲರು, ಬೆನ್ನು, ಎದೆ, ತೋಳು ಎಲ್ಲ ಆ ಗೆರೆಗಳಲ್ಲಿರುತ್ತವೆ. ಕತ್ತರಿ ಅಕ್ಕ ಎಡಗೈಗೆ ಉಕ್ಕಿನ ಜಾಲರಿಯ ಗ್ಲೌಸ್ ಹಾಕಿಕೊಂಡು, ಬಲಗೈಯಲ್ಲಿ ಕರೆಂಟಿನ ಕತ್ತರಿ ಹಿಡಿದು, ಗೆರೆಯ ಮೇಲೆ ದೋಣಿ ನಡೆಸಿದ ಹಾಗೆ ನಡೆಸುತ್ತಿದ್ದಳು. ಒಂದೇ ಓಟಕ್ಕೆ ಅರವತ್ತು ತೋಳು. ಒಂದು ನೂಲು ಆಚೆಯಿಲ್ಲ, ಈಚೆಯಿಲ್ಲ.

ಈಗ ತಪ್ಪಿನ ವಿಷಯ. ತೋಳಿಗೆ ಎಡ ಬಲ ಇದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ತೋಳಿನ ಮುಂಭಾಗ ಹಿಂಭಾಗಕ್ಕಿಂತ ಸ್ವಲ್ಪ ಹೆಚ್ಚು ಒಳಗೆ ಬಾಗಿರುತ್ತದೆ. ಬಟ್ಟೆಗೆ ಒಂದು ಸೀದಾ ಬದಿ, ಒಂದು ಉಲ್ಟಾ ಬದಿ. ಒಂದು ಪದರ ಸೀದಾ, ಅದರ ಮೇಲಿನದು ಉಲ್ಟಾ, ಹೀಗೆ ಮುಖಕ್ಕೆ ಮುಖ ಕೊಟ್ಟು ಹಾಸಿದರೆ ಒಂದೇ ಗೆರೆಯಲ್ಲಿ ಎಡವೂ ಬಲವೂ ಜೋಡಿಯಾಗಿ ಸಿಗುತ್ತವೆ. ಎಲ್ಲ ಪದರವನ್ನೂ ಮುಖ ಮೇಲಾಗಿಯೇ ಹಾಸಿದರೆ ಗೆರೆಯ ಕಾಗದವೇ ಬೇರೆ ಬೇಕು. ಇಲ್ಲದಿದ್ದರೆ ಎಲ್ಲವೂ ಎಡವೇ. ಅದಕ್ಕೇ ಕತ್ತರಿಸುವವರು ಕತ್ತರಿ ಹಚ್ಚುವ ಮುನ್ನ ಹಾಸಿನ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಎತ್ತಿ, ಪುಸ್ತಕದ ಹಾಳೆ ಸರಿಸಿದಂತೆ ಸರಿಸಿ, ಪದರಗಳ ಮುಖ ನೋಡುತ್ತಾರೆ. ಎರಡು ಕ್ಷಣದ ಕೆಲಸ.

ಆ ದಿನ ಬಂದದ್ದು ಒಂದೇ ಬದಿಗೆ ನವಿರಾಗಿ ಉಜ್ಜಿದ ದಪ್ಪ ಬಟ್ಟೆ. ಹಾಸುವವರಿಗೆ ಮೇಲ್ವಿಚಾರಕ ಹೋಗಿ, ಇವತ್ತು ಎಲ್ಲ ಪದರವೂ ಮುಖ ಮೇಲಾಗಿಯೇ ಹಾಸಿ ಎಂದು ಹೇಳಿಬಂದಿದ್ದ. ಕತ್ತರಿ ಅಕ್ಕನಿಗೆ ಹೇಳಲು ಮರೆತ. ಕಾಗದ ಹಳೆಯದೇ ಬಂತು. ಅವಳೂ ಆವತ್ತು ಅವಸರದಲ್ಲಿದ್ದಳು. ಮೂಲೆ ಎತ್ತಲಿಲ್ಲ. ಅರವತ್ತು ಪದರ, ಪದರಕ್ಕೆರಡು ತೋಳು. ನೂರಿಪ್ಪತ್ತು ತೋಳು, ನೂರಿಪ್ಪತ್ತೂ ಎಡ.

ಮೇಲ್ವಿಚಾರಕನ ಕೊರಳಲ್ಲಿ ಸದಾ ಒಂದು ಸೀಟಿ ತೂಗಾಡುತ್ತಿತ್ತು. ಹಿಂದಿನಿಂದ ಎಲ್ಲರೂ ಅವನನ್ನು ಪೀಪಿ ಎನ್ನುತ್ತಿದ್ದರು, ಎದುರಿಗೆ ಸಾರ್. ಮಧ್ಯಾಹ್ನ ಹೊಲಿಗೆಯ ಸಾಲಿನಿಂದ ಸುದ್ದಿ ಬಂದಾಗ ಪೀಪಿ ಸಾರ್ ಸೀಟಿ ಊದಿದ. ಇನ್ನೂರು ಮೆಷಿನ್ ಒಂದೇ ಸಲ ನಿಂತವು. ಆ ಸದ್ದಡಗಿದ ಹೊತ್ತು ನನಗೆ ಇನ್ನೂ ನೆನಪಿದೆ. ಎರಡು ಎಡತೋಳು ಹೊಲಿದ ಒಂದು ಅಂಗಿಯನ್ನು ಅವಳ ಕೈಗಿಟ್ಟು, "ಹಾಕ್ಕೊಳ್ಳಮ್ಮ. ನಾಚಿಕೆ ಯಾಕೆ, ನೀನೇ ಕತ್ತರಿಸಿದ್ದಲ್ವಾ?" ಎಂದ. ಹಾಕಿಕೊಂಡಳು. "ಮೇಜು ಹತ್ತು, ಹಿಂದಿನವರಿಗೂ ಕಾಣ್ಲಿ." ಹತ್ತಿದಳು. "ಎಲ್ಲಿ, ಎಲ್ಲರಿಗೂ ಬಲಗೈ ಎತ್ತಿ ಒಂದು ಸಲಾಮು ಹೊಡಿ ನೋಡೋಣ!"

ಕೈ ಅರ್ಧಕ್ಕೇ ನಿಂತಿತು. ನಕ್ಕೆವು.

ಬಿಟ್ಟು ಹೋಗಬಹುದಿತ್ತಲ್ಲ ಎನ್ನುವವರಿದ್ದಾರೆ. ಅವರು ಯಾವತ್ತೂ ಒಂದು ಕೆಲಸವನ್ನು ಕೈಯಾರೆ ಕಲಿತವರಲ್ಲ. ಹದಿನೈದು ವರ್ಷ ಕಲಿತ ಕೈಯನ್ನು ಮನೆಯಲ್ಲಿಟ್ಟು ಹೊಸ ಕೈ ಹಾಕಿಕೊಂಡು ಹೋಗಲು ಆಗುತ್ತದೆಯೇ? ಮಾರನೇ ದಿನ ಅವಳು ಬಂದಳು. ಜಾಲರಿ ಗ್ಲೌಸ್ ಹಾಕಿಕೊಂಡಳು. ಆಮೇಲಿನ ಹನ್ನೊಂದು ವರ್ಷದಲ್ಲಿ ಅವಳ ಕೈಯಿಂದ ಒಂದೇ ಒಂದು ತಪ್ಪಾಗಲಿಲ್ಲ. ಅದಕ್ಕೆ ಬೋರ್ಡಿನಲ್ಲಿ ಜಾಗವಿರಲಿಲ್ಲ.

ಅವಮಾನ ಆಗುವುದು ಒಂದು ಸಲ. ಅವಳ ಲೆಕ್ಕದಲ್ಲಿ ಅದು ದಿನಕ್ಕೆ ಹತ್ತು ಹದಿನೈದು ಸಲ ಆಗುತ್ತಿತ್ತು. ಬೆಳಗ್ಗೆ ಟೀಗೆ ನೀರಿಟ್ಟ ಕೂಡಲೇ ತಲೆಯೊಳಗೆ ಸೀಟಿ ಕೂಗುತ್ತಿತ್ತು. ಮೆಷಿನ್‌ಗಳು ನಿಲ್ಲುತ್ತಿದ್ದವು. ಅವಳು ಮೇಜು ಹತ್ತುತ್ತಿದ್ದಳು. ಮೇಜಿನ ಮೇಲೆ ನಿಂತು, ಆ ದಿನ ಹೇಳದೆ ಉಳಿದ ಉತ್ತರವನ್ನು ಹೇಳುತ್ತಿದ್ದಳು. ಮೊದಲ ವರ್ಷ ಆ ಉತ್ತರ ಉದ್ದವಿತ್ತು: "ಸಾರ್, ಹಾಸೋಕೆ ಹೇಳಿದ್ದು ನೀವು, ನನಗೆ ಹೇಳದೆ ಹೋಗಿದ್ದು ನೀವು, ಕಾಗದ ಬದಲಾಯಿಸ್ದೆ ಕಳಿಸಿದ್ದು ನಿಮ್ಮ ಆಫೀಸು." ಆಮೇಲೆ ಚಿಕ್ಕದಾಯಿತು, ಚೂಪಾಯಿತು. ಎಷ್ಟು ಚೂಪು ಮಾಡಿದರೂ ಕೊನೆಗೆ ಒಂದು ಮಾತು ಅದಕ್ಕೆ ಎದುರಾಗಿ ನಿಲ್ಲುತ್ತಿತ್ತು: ನೀನು ಮೂಲೆ ಎತ್ತಿ ನೋಡಬೇಕಿತ್ತು. ಅಲ್ಲಿಗೆ ಬಾಯಿ ಕಟ್ಟುತ್ತಿತ್ತು. ಮತ್ತೆ ಮೊದಲಿನಿಂದ ಸೀಟಿ.

ಕೈಗೂ ಒಂದು ಚಾಳಿ ಅಂಟಿತು. ಕಂಡದ್ದರ ಮೂಲೆಯನ್ನೆಲ್ಲ ಎತ್ತಿ ನೋಡುವುದು. ಹಾಸಿಗೆಯ ಚಾದರ, ಮೇಜಿನ ಮೇಲಿನ ಬಟ್ಟೆ, ಪೇಪರು, ಮಗಳ ನೋಟ್‌ಬುಕ್ಕು. ನೆಂಟರ ಮನೆಗೆ ಹೋದರೆ ಅವರ ದಿಂಬಿನ ಕವರು. "ಏನು ಹುಡುಕ್ತಿದ್ದೀಯೇ?" ಎಂದು ಗಂಡ ಕೇಳಿದರೆ "ಏನಿಲ್ಲ" ಎನ್ನುತ್ತಿದ್ದಳು. ಅದೂ ನಿಜವೇ. ಹುಡುಕುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಗಂಡ ಲಿಫ್ಟ್ ರಿಪೇರಿ ಮಾಡುವವನು. ಮಾತುಗಾರ. ಕಟ್ಟಡ ಕಟ್ಟಡ ಸುತ್ತಿ ಬಂದು ಕತೆ ಹೇಳುವುದೇ ಅವನಿಗೆ ದಣಿವಾರಿಸಿಕೊಳ್ಳುವ ದಾರಿ. ಅವನಿಗೊಂದು ಮೆಚ್ಚಿನ ಕತೆಯಿತ್ತು. "ಒಬ್ಬ ಮುದುಕಪ್ಪ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ದ ಕಣೇ. ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ಮಧ್ಯೆ. ನಾನು ಹೋಗಿ ಒಂದು ಗಂಟೆ ಒದ್ದಾಡಿ ಬಾಗಿಲು ತೆಗೆದೆ. ಬಾಗಿಲು ತೆಗೆದ್ರೆ ಮುದುಕಪ್ಪ ಏನಂತಾನೆ ಗೊತ್ತಾ?"

"ಹೂಂ" ಎನ್ನುತ್ತಿದ್ದಳು ಅವಳು.

'ಏನಂತಾನೆ' ಎಂದು ಕೇಳಬೇಕಾದ ಜಾಗದಲ್ಲಿ 'ಹೂಂ' ಎಂದರೆ ಕತೆ ಹೇಳುವವನು ಏನು ಮಾಡಬೇಕು? ಒಂದೆರಡು ಸಲ ಕೊನೆಯ ಮಾತನ್ನು ಹೇಳಿ ನೋಡಿದ. ಗೋಡೆಗೆ ಹೇಳಿದ ಹಾಗಾಯಿತು. ಆಮೇಲೆ ಆ ಹೂಂ ಬಂದ ಕೂಡಲೇ ಎದ್ದು ಸ್ಪ್ಯಾನರ್ ಒರೆಸಿಕೊಳ್ಳುತ್ತಿದ್ದ. ಆದರೂ ಕತೆ ಶುರು ಮಾಡುವುದನ್ನು ಬಿಡಲಿಲ್ಲ. ಆ ಮನುಷ್ಯನ ಬಗ್ಗೆ ನನಗೆ ಗೌರವ ಬಂದದ್ದು ಇದಕ್ಕೆ.

ಮಗಳು ಶಾಲೆಯ ನಾಟಕದಲ್ಲಿ ರಾಣಿಯ ಪಾತ್ರ ಮಾಡಿದಳು. ಕತ್ತರಿ ಅಕ್ಕ ಮೊದಲ ಸಾಲಿನಲ್ಲಿ ಕೂತಿದ್ದಳು. ಪರದೆ ಏಳುವ ಮುನ್ನ ಯಾರೋ ಮೇಷ್ಟ್ರು ಮಕ್ಕಳನ್ನು ಸುಮ್ಮನಾಗಿಸಲು ಸೀಟಿ ಊದಿದರು. ಅಷ್ಟೇ ಸಾಕಾಯಿತು. ಮನೆಗೆ ಬರುವಾಗ ಮಗಳು ಕೇಳಿದಳು, "ಹೇಗಿತ್ತಮ್ಮ?"

"ಚೆನ್ನಾಗಿತ್ತು ಪುಟ್ಟಿ."

"ನಾನು ಹಾಕಿದ್ದ ಬಟ್ಟೆ ಯಾವ ಬಣ್ಣ ಹೇಳು?"

ಬಟ್ಟೆಯನ್ನು ಬೆರಳಲ್ಲಿ ಸವರಿದರೆ ಯಾವ ನೂಲು ಎಂದು ಹೇಳಬಲ್ಲ ಹೆಂಗಸು. ನಡು ರಸ್ತೆಯಲ್ಲಿ ನಿಂತುಬಿಟ್ಟಳು. ಮಗಳು ಮತ್ತೆ ಕೇಳಲಿಲ್ಲ. ಆಮೇಲೆ ಯಾವ ನಾಟಕಕ್ಕೂ ಅಮ್ಮನನ್ನು ಕರೆಯಲೂ ಇಲ್ಲ.

ಇಷ್ಟಕ್ಕೆಲ್ಲ ಯಾರನ್ನು ಹಿಡಿದು ಕೇಳುವುದು? ಪೀಪಿಯನ್ನು ಕೇಳಿದರೆ, ಅರ್ಧ ಗಂಟೆಯ ತಮಾಷೆ, ಶಿಸ್ತಿಗೋಸ್ಕರ ಎನ್ನುತ್ತಾನೆ. ಒಬ್ಬಳ ಮನೆಯ ಹನ್ನೊಂದು ವರ್ಷದ ಬೆಳಗನ್ನು ಕದ್ದವನಿಗೆ ತಾನು ಕದ್ದೆ ಎಂಬುದೇ ಗೊತ್ತಿರುವುದಿಲ್ಲ. ಆದರೆ ಕದ್ದವನು ಅವನೊಬ್ಬನೇ ಅಲ್ಲ ಎಂಬುದನ್ನೂ ಹೇಳಬೇಕು. ಉಳಿದದ್ದನ್ನು ಅವಳ ತಲೆಯೇ ಕದ್ದಿತು, ದಿನವೂ ತಾನೇ ಬಾಗಿಲು ತೆಗೆದುಕೊಟ್ಟು. ಇದನ್ನು ನನಗೆ ಹೇಳಿದ್ದು ಅವಳೇ. "ಅವನು ಒಂದ್ಸಲ ಹತ್ತಿಸ್ದ. ಮಿಕ್ಕಿದ್ದೆಲ್ಲ ನಾನೇ ಹತ್ತಿದ್ದು."

ಹನ್ನೊಂದನೇ ವರ್ಷದಲ್ಲಿ ಹೊಸಬರಿಗೆ ಕಲಿಸುವ ಕೆಲಸವನ್ನು ಪೀಪಿ ಸಾರ್ ಅವಳಿಗೇ ಒಪ್ಪಿಸಿದ. ಆ ಇಡೀ ಕಾರ್ಖಾನೆಯಲ್ಲಿ ಅವಳಷ್ಟು ಬಲ್ಲವರು ಬೇರೆ ಯಾರಿದ್ದರು? ಮುಚ್ಚಿಹೋದ ಒಂದು ನೂಲಿನ ಮಿಲ್ಲಿನಿಂದ ಬಂದವಳೊಬ್ಬಳು ಅವಳ ಕೈಕೆಳಗೆ ಸೇರಿದಳು. ಮೂವತ್ತೈದು ದಾಟಿದ ಹೆಂಗಸು, ಎರಡು ಮಕ್ಕಳ ತಾಯಿ. ದಪ್ಪ ಗಾಜಿನ ಕನ್ನಡಕ. ಮೊದಲ ದಿನವೇ ಹೆಸರು ಬಿತ್ತು: ಕನ್ನಡಕ.

ಕನ್ನಡಕ ಎಲ್ಲವನ್ನೂ ಎರಡೆರಡು ಸಲ ಕೇಳುವವಳು. "ಅಕ್ಕಾ, ಕತ್ತರಿ ಇಲ್ಲಿಂದ ಹಚ್ಚಲಾ? ಅಕ್ಕಾ, ಈ ಮೂಲೆಗೆ ಪಿನ್ ಹಾಕ್ಲಾ?" ಅವಳ ಅಕ್ಕಾ ಅಕ್ಕಾ ಕೇಳಿ ಮೇಜಿನ ಆಚೆ ಬದಿಯವರು ಅಣಕಿಸುತ್ತಿದ್ದರು. ಅವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. "ಕೇಳಿ ಮಾಡಿದ್ರೆ ಕೈ ಉಳಿಯುತ್ತೆ" ಎಂದು ತನ್ನ ಹತ್ತೂ ಬೆರಳು ಬಿಡಿಸಿ ತೋರಿಸುತ್ತಿದ್ದಳು.

ಒಂದು ಬೆಳಗ್ಗೆ ಮತ್ತೆ ಅದೇ ಜಾತಿಯ ನವಿರು ಬಟ್ಟೆ ಬಂತು. ಇಪ್ಪತ್ತೇ ಪದರದ ಚಿಕ್ಕ ಹಾಸು. ಆ ಬಟ್ಟೆಯನ್ನು ಕಂಡದ್ದೇ ಕತ್ತರಿ ಅಕ್ಕನ ಕಿವಿಯಲ್ಲಿ ಸೀಟಿ ಕೂಗಿತು. ಕನ್ನಡಕ ಎಂದಿನ ಕಾಗದವನ್ನೇ ಹರಡಿ, ಜಾಲರಿ ಗ್ಲೌಸ್ ಹಾಕಿಕೊಂಡು ಕೇಳಿದಳು.

"ಅಕ್ಕಾ, ಹಾಸು ಸರಿ ಇದೆಯಾ? ಹಚ್ಚಲಾ?"

"ಹೂಂ."

ಗಂಡನಿಗೆ ಹೇಳುತ್ತಿದ್ದ ಅದೇ ಹೂಂ.

ನಲವತ್ತು ತೋಳು. ನಲವತ್ತೂ ಎಡ.

ಸೀಟಿ ಈ ಸಲ ನಿಜವಾಗಿ ಕೂಗಿತು. ಪೀಪಿ ಸಾರ್ ವಯಸ್ಸಾಗಿ ದಪ್ಪಗಾಗಿದ್ದ, ತಮಾಷೆ ಮಾತ್ರ ಹಳೆಯದೇ. "ನಾಲ್ಕು ಕಣ್ಣಿಟ್ಕೊಂಡು ಎಡ ಬಲ ಕಾಣ್ಲಿಲ್ವೇನಮ್ಮಾ? ಹಾಕ್ಕೊ, ಹಾಕ್ಕೊ. ಹಳೇ ಫೋಟೋ ಬಣ್ಣ ಹೋಗಿದೆ, ಹೊಸದು ಬೇಕಾಗಿತ್ತು."

ಕನ್ನಡಕ ಅಂಗಿಯನ್ನು ಕೈಯಲ್ಲಿ ಹಿಡಿದು, "ನಾನು ಕೇಳಿದ್ದೆ ಸಾರ್" ಎಂದಳು. "ಕೇಳಿಯೇ ಹಚ್ಚಿದ್ದು ಸಾರ್."

"ಯಾರನ್ನ ಕೇಳಿದ್ದೆ?"

ಅವಳು ಕತ್ತರಿ ಅಕ್ಕನ ಕಡೆ ನೋಡಿದಳು. ಬೆರಳು ತೋರಿಸಲಿಲ್ಲ, ನೋಡಿದಳು, ಅಷ್ಟೇ. ಕತ್ತರಿ ಅಕ್ಕ ತನ್ನ ಗ್ಲೌಸಿನ ಜಾಲರಿಯಲ್ಲಿ ಸಿಕ್ಕಿಕೊಂಡ ಒಂದು ನೂಲನ್ನು ಬಿಡಿಸತೊಡಗಿದಳು. ಆ ನೂಲು ಬಹಳ ಹೊತ್ತು ಬಿಡಿಸಿಕೊಳ್ಳಲಿಲ್ಲ. ಕನ್ನಡಕ ಅಂಗಿ ಹಾಕಿಕೊಂಡು ಮೇಜು ಹತ್ತಿದಳು.

ಹನ್ನೊಂದು ವರ್ಷ ತಿದ್ದಿ ತೀಡಿ ಇಟ್ಟಿದ್ದ ಉತ್ತರ ಎಲ್ಲಿ ಹೋಯಿತು? ಇದನ್ನು ನಾನು ಅವಳನ್ನೇ ಕೇಳಿದೆ. ಹೆದರಿಕೆಯಿಂದ ಸುಮ್ಮನಿದ್ದೆ ಎಂದು ಅವಳು ಹೇಳಲಿಲ್ಲ. "ಒಳಗೆ ಖುಷಿ ಆಯ್ತು" ಎಂದಳು. "ಇನ್ನು ಬೋರ್ಡಿಂದ ನನ್ನ ಫೋಟೋ ತೆಗೀತಾರೆ ಅಂತ ಖುಷಿ ಆಯ್ತು."

ತೆಗೆದರು. ಸಂಜೆಯೊಳಗೆ ಹೊಸ ಫೋಟೋ ಬಂತು. ಹಳೆಯದನ್ನು ಮಡಚಿ ಚಿಂದಿಯ ಡಬ್ಬಿಗೆ ಹಾಕಿದರು. ಕತ್ತರಿ ಅಕ್ಕ ಆ ದಿನ ಮನೆಗೆ ಹೋಗುವಾಗ ದಾರಿಯಲ್ಲಿ ಬಿಸಿ ಬ್ರೆಡ್ಡು ಕೊಂಡಳು. ಮಾರನೇ ದಿನ ನಲ್ಲಿಯ ಮುಂದೆ ನಿಂತು, ತಲೆ ಎತ್ತಿಯೇ ಕೈ ತೊಳೆದಳು. ಮೂರು ದಿನ ಅವಳಿಗೆ ಹಸಿವಾಯಿತು, ನಿದ್ದೆ ಬಂತು, ಮಗಳ ಜಡೆ ಹೆಣೆದಳು. ಟೀಗೆ ನೀರಿಟ್ಟರೆ ಅದು ಬರೀ ನೀರು ಕುದಿಯುವ ಸದ್ದಾಗಿತ್ತು. ಸುಖ ಎಂದರೆ ಇಷ್ಟೇ ಅಲ್ಲವೇ? ಇಷ್ಟಕ್ಕಾಗಿ ಹನ್ನೊಂದು ವರ್ಷ ಕಾದಿದ್ದಳು. ಅದು ಇನ್ನೊಬ್ಬಳ ಮುಖದ ಮೇಲೆ ಕಾಲಿಟ್ಟು ಬಂತು.

ನಾಲ್ಕನೇ ದಿನ ಕನ್ನಡಕ ಕೆಲಸಕ್ಕೆ ಬರಲಿಲ್ಲ. ಐದನೇ ದಿನವೂ ಇಲ್ಲ. ಆರನೇ ದಿನ ಊಟಕ್ಕೆ ಮುಂಚೆ ಕೈ ತೊಳೆಯುತ್ತಿರುವಾಗ ಕತ್ತರಿ ಅಕ್ಕನ ಕಣ್ಣು ಬೋರ್ಡಿಗೆ ಹೋಯಿತು. ಫೋಟೋದಲ್ಲಿ ಕನ್ನಡಕ ನಗುತ್ತಿದ್ದಳು. ಆ ನಗುವಿನ ಗುರುತು ಅವಳಿಗೆ ಚೆನ್ನಾಗಿ ಇತ್ತು. ಅದನ್ನು ಅವಳು ಹನ್ನೊಂದು ವರ್ಷ ದಿನಕ್ಕೆರಡು ಸಲ ನೋಡಿದ್ದಳು. ಊಟದ ಡಬ್ಬಿ ತೆರೆದವಳು ಹಾಗೇ ಮುಚ್ಚಿಟ್ಟಳು.

ಸಂಜೆ ವಿಳಾಸ ಕೇಳಿಕೊಂಡು ಹೋದಳು. ಸಾಲು ಮನೆಗಳ ಎರಡನೇ ಮಹಡಿ. ಬಾಗಿಲು ತೆಗೆದದ್ದು ಕನ್ನಡಕಳ ತಾಯಿ.

"ಕಾರ್ಖಾನೆಯವರಾ? ಬನ್ನಿಮ್ಮ. ನೀವಾದ್ರೂ ಒಂದು ಮಾತು ಹೇಳಿ. ಐದು ದಿನದಿಂದ ಹೇಳಿದ್ದೇ ಹೇಳ್ತಾಳೆ. ಕೇಳಿ ಕೇಳಿ ನನ್ನ ಕಿವಿ ತೂತಾಯ್ತು."

ಒಳಗೆ ಪಾತ್ರೆ ತೊಳೆಯುವ ಕಲ್ಲಿನ ಮುಂದೆ ಕನ್ನಡಕ ಬೆನ್ನು ಹಾಕಿ ನಿಂತಿದ್ದಳು. ನಲ್ಲಿ ಸುರಿಯುತ್ತಿತ್ತು. ತೊಳೆದ ತಟ್ಟೆಯನ್ನೇ ತೊಳೆಯುತ್ತಿದ್ದಳು. ನೀರಿನ ಸದ್ದಿನಲ್ಲಿ ಅವಳ ದನಿ ಸಣ್ಣಗೆ ಕೇಳುತ್ತಿತ್ತು. "ನಾನು ಕೇಳಿದ್ದೆ ಸಾರ್. ಕೇಳಿಯೇ ಹಚ್ಚಿದ್ದು ಸಾರ್. ಬೇಕಾದ್ರೆ ಅವರನ್ನೇ ಕೇಳಿ ಸಾರ್." ನಿಲ್ಲಿಸಿ, ಉಸಿರೆಳೆದು, ಇನ್ನಷ್ಟು ಗಟ್ಟಿಯಾಗಿ, ಇನ್ನಷ್ಟು ಚೂಪಾಗಿ ಮತ್ತೆ, "ನಾನು ಕೇಳಿದ್ದೆ ಸಾರ್."

ಕತ್ತರಿ ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ತನ್ನ ತಲೆಯೊಳಗಿನ ಸದ್ದನ್ನು ಹೊರಗಿನಿಂದ ಕೇಳಿದ್ದು ಅದೇ ಮೊದಲು.

ಕನ್ನಡಕ ತಿರುಗಿದಳು. "ಯಾಕೆ ಬಂದ್ರಿ?"

"ನಿನ್ನ ನೋಡ್ಕೊಂಡು ಹೋಗೋಣ ಅಂತ."

"ಫೋಟೋ ಹಾಕಿದ್ದಾರಲ್ಲ ಅಲ್ಲಿ. ನೋಡ್ಕೊಳ್ಳಿ."

ತಾಯಿ ಗಾಬರಿಯಾಗಿ, "ಏ, ದೊಡ್ಡವರು ಮನೆಗೆ ಬಂದಾಗ ಹೀಗಾ ಮಾತಾಡೋದು?" ಎಂದಳು.

"ಮಾತಾಡ್ಲಿ ಬಿಡಿಮ್ಮ" ಎಂದಳು ಕತ್ತರಿ ಅಕ್ಕ. ಆಮೇಲೆ ನಲ್ಲಿ ನಿಲ್ಲಿಸಿ ಕೇಳಿದಳು, "ಇವತ್ತು ಎಷ್ಟು ಸಲ ಹತ್ತಿದೆ?"

"ಏನು ಹತ್ತೋದು?"

"ಮೇಜು."

ಕನ್ನಡಕಳ ಮುಖ ಸಡಿಲವಾಯಿತು. ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. "ಲೆಕ್ಕ ಇಟ್ಟಿಲ್ಲ" ಎಂದಳು.

"ನಾನು ಹನ್ನೊಂದು ವರ್ಷದಿಂದ ಹತ್ತಿ ಇಳೀತಿದ್ದೀನಿ."

"ಅಷ್ಟು ಗೊತ್ತಿದ್ದೂ ನನ್ನ ಹತ್ತಿಸಿದ್ರಾ?"

ಯಾವ ವರ್ಷದ ಯಾವ ಬೆಳಗ್ಗೆಯೂ ಅವಳು ಇದಕ್ಕೆ ಉತ್ತರ ತಯಾರು ಮಾಡಿಟ್ಟಿರಲಿಲ್ಲ. ಕೈ ತಾನಾಗಿ ಹೋಗಿ ಅಲ್ಲಿ ಹರವಿದ್ದ ಪಾತ್ರೆ ಒರೆಸುವ ಬಟ್ಟೆಯ ಮೂಲೆ ಎತ್ತಿತು.

"ನೀನು ಕೇಳಿದಾಗ ನಾನು ಅಲ್ಲಿರ್ಲಿಲ್ಲ ಕಣಮ್ಮ" ಎಂದಳು.

"ನನ್ನ ಪಕ್ಕದಲ್ಲೇ ನಿಂತಿದ್ರಿ!"

"ನಿಂತಿದ್ದೆ. ಆದ್ರೆ ಅಲ್ಲಿರ್ಲಿಲ್ಲ. ಆಗ್ಲೂ ನಾನು ಮೇಜಿನ ಮೇಲೇ ಇದ್ದೆ."

ಕನ್ನಡಕ ತನ್ನ ಕನ್ನಡಕವನ್ನು ತೆಗೆದು ಸೆರಗಿನಲ್ಲಿ ಒರೆಸಿದಳು. ಗಾಜಿಲ್ಲದ ಅವಳ ಕಣ್ಣು ಚಿಕ್ಕವು, ಕೆಂಪಾಗಿದ್ದವು. "ಅದನ್ನ ನನಗೆ ಹೇಳಿ ಏನು ಬಂತು ಅಕ್ಕ? ಹೇಳೋ ಕಡೆ ಹೇಳಿ" ಎಂದಳು. ಟೀ ಮಾಡುತ್ತೇನೆ ಎಂದು ಎದ್ದ ತಾಯಿಯನ್ನು ತಡೆಯಲೂ ಇಲ್ಲ, ಮಾಡು ಎನ್ನಲೂ ಇಲ್ಲ. ಕತ್ತರಿ ಅಕ್ಕ ಟೀ ಕುಡಿಯದೆ ಮೆಟ್ಟಿಲಿಳಿದಳು.

ಮಾರನೇ ಬೆಳಗ್ಗೆ ಅವಳು ಎಲ್ಲರಿಗಿಂತ ಮುಂಚೆ ಬಂದಳು ಎಂದು ಬರೆದರೆ ಕತೆ ಚೆನ್ನಾಗಿರುತ್ತಿತ್ತು. ಇಲ್ಲ, ತಡವಾಗಿ ಬಂದಳು. ಬಸ್ ಸ್ಟಾಪಿನಲ್ಲಿ ಎರಡು ಬಸ್ಸು ಬಿಟ್ಟು ಕೂತಿದ್ದಳಂತೆ. ಅವಳು ಒಳಗೆ ಬರುವಾಗ ಕೆಲಸ ಶುರುವಾಗಿತ್ತು. ನೇರ ಬೋರ್ಡಿನ ಹತ್ತಿರ ಹೋಗಿ, ಜೇಬಿನಿಂದ ಚಿಕ್ಕ ಕತ್ತರಿ ತೆಗೆದು, ಅದರ ತುದಿಯಿಂದ ಫೋಟೋದ ನಾಲ್ಕು ಮೊಳೆಗಳನ್ನು ಒಂದೊಂದಾಗಿ ಮೀಟಿದಳು.

"ಏನಮ್ಮಾ ಮಾಡ್ತಿದ್ದೀಯ ಅಲ್ಲಿ?" ಪೀಪಿ ಸಾರ್ ದೂರದಿಂದಲೇ ಕೂಗಿದ.

"ಫೋಟೋ ತೆಗೀತಿದ್ದೀನಿ ಸಾರ್."

"ಯಾರನ್ನ ಕೇಳಿ?"

ತಿದ್ದಿ ತೀಡಿದ ಉತ್ತರಗಳಲ್ಲಿ ಒಂದಾದರೂ ಬಾಯಿಗೆ ಬರಬೇಕಿತ್ತು. ಬರಲಿಲ್ಲ. ಬಂದದ್ದು ಇದು. "ಅವತ್ತು ಆಕೆ ಹಾಸು ಸರಿ ಇದೆಯಾ ಅಂತ ಕೇಳಿದ್ಲು ಸಾರ್. ನಾನು ಮೂಲೆ ಎತ್ತದೆ ಹೂಂ ಅಂದೆ. ಆಮೇಲೆ ಬಾಯಿ ಮುಚ್ಕೊಂಡು ನಿಂತಿದ್ದೆ. ತಪ್ಪು ನಂದು."

ಹತ್ತಿರದ ಸಾಲಿನ ಮೆಷಿನ್‌ಗಳು ನಿಧಾನವಾದವು.

"ಓಹೋ" ಎಂದ ಪೀಪಿ. "ಹಾಗಾದ್ರೆ ನಿನ್ನ ಫೋಟೋನೇ ವಾಪಸ್ ಹಾಕಲಾ?"

ಅಲ್ಲಿದ್ದವರು ಹೇಳುವ ಪ್ರಕಾರ ಅವಳು ಆಗ ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದಳು. "ಬೇಡ ಸಾರ್" ಎಂದಳು. "ಕಲಿಸ್ಬೇಕು ಅಂದ್ರೆ ತಪ್ಪನ್ನ ತೋರಿಸಿ ಸಾರ್. ಮುಖ ಯಾಕೆ?"

ಹೀಗೆಂದವಳೇ ಕಂಕುಳಲ್ಲಿದ್ದ ಕವರಿನಿಂದ ಎರಡು ತೋಳು ತೆಗೆದಳು. ಹಾಳಾದ ನಲವತ್ತರಲ್ಲಿ ಎರಡು. ಅವನ್ನು ಅಕ್ಕಪಕ್ಕ ಇಟ್ಟು ಅದೇ ನಾಲ್ಕು ಮೊಳೆಗಳಿಂದ ಬೋರ್ಡಿಗೆ ಚುಚ್ಚಿದಳು. ಎರಡೂ ಎಡ. ನೋಡಿದರೆ ಯಾರಿಗಾದರೂ ಗೊತ್ತಾಗುವಂತಿತ್ತು. ಕೆಳಗೆ ಸೀಮೆಸುಣ್ಣದಲ್ಲಿ ಬರೆದಳು: ಮೂಲೆ ಎತ್ತಿ ನೋಡಿ.

ಪೀಪಿ ಸೀಟಿ ಊದಿದ. ಅಭ್ಯಾಸ ಬಲದಿಂದ ಅರ್ಧದಷ್ಟು ಮೆಷಿನ್ ನಿಂತವು, ಇನ್ನರ್ಧ ನಿಲ್ಲಲಿಲ್ಲ. ಅವನು ಏನೋ ತಮಾಷೆ ಮಾಡಿದ. ಏನೆಂದು ಯಾರಿಗೂ ಸರಿಯಾಗಿ ನೆನಪಿಲ್ಲ. ಯಾರೂ ನಗಲಿಲ್ಲ ಎಂಬುದು ಮಾತ್ರ ಎಲ್ಲರಿಗೂ ನೆನಪಿದೆ. ಯಾರೂ ಚಪ್ಪಾಳೆಯನ್ನೂ ತಟ್ಟಲಿಲ್ಲ. ನಮ್ಮ ಜನ ಅಷ್ಟು ಬೇಗ ಬದಲಾಗುವವರಲ್ಲ. ತಲೆ ತಗ್ಗಿಸಿಕೊಂಡು ಮತ್ತೆ ಮೆಷಿನ್ ತುಳಿದರು.

ಕಲಿಸುವ ಕೆಲಸದಿಂದ ಅವಳನ್ನು ತೆಗೆದರು. ತೋಳುಗಳು ಬೋರ್ಡಿನಲ್ಲೇ ಉಳಿದವು. ತೆಗೆಯಲು ಯಾರಿಗೂ ಕಾರಣ ಸಿಗಲಿಲ್ಲ. ಕನ್ನಡಕ ಎರಡು ದಿನ ಬಿಟ್ಟು ಬಂದಳು. ಕತ್ತರಿ ಅಕ್ಕನ ಜೊತೆ ಮಾತು ಅಷ್ಟಕ್ಕಷ್ಟೇ. ಕ್ಷಮಿಸಿದ್ದೇನೆ ಎಂದು ಇವತ್ತಿಗೂ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ಆದರೆ ಕತ್ತರಿ ಹಚ್ಚುವ ಮುನ್ನ ಹಾಸಿನ ಮೂಲೆ ಎತ್ತಿ, ಆಚೆ ಮೇಜಿನಲ್ಲಿರುವ ಅಕ್ಕನ ಕಡೆಗೆ ಒಂದು ಸಲ ಹಿಡಿದು ತೋರಿಸುತ್ತಾಳೆ. ಅಕ್ಕ ಬಂದು ಬಗ್ಗಿ, ಒಂದೊಂದೇ ಪದರ ನೋಡಿ, ಆಮೇಲೆ "ಹಚ್ಚು" ಎನ್ನುತ್ತಾಳೆ. ಹೂಂ ಎನ್ನುವುದಿಲ್ಲ.

ಅವಳ ತಲೆಯಲ್ಲಿ ಸೀಟಿ ನಿಂತಿತೇ ಎಂದು ಕೇಳಿದೆ. "ಬರುತ್ತೆ" ಎಂದಳು. "ಮೊದಲೆಲ್ಲ ಸೀಟಿ ಊದಿದ್ರೆ ಮೇಜು ಹತ್ತಲೇಬೇಕು ಅಂತಿತ್ತು. ಈಗ ಕೆಲವು ದಿನ ಊದ್ಕೊಂಡಿರ್ಲಿ ಅಂತ ಕೆಳಗೇ ನಿಂತಿರ್ತೀನಿ. ಕೆಲವು ದಿನ ಹತ್ತೇಬಿಡ್ತೀನಿ."

ಇನ್ನೊಂದು ಸಂಗತಿಯನ್ನು ಅವಳ ಗಂಡ ಹೇಳಿದ. ಬೋರ್ಡಿನಿಂದ ಫೋಟೋ ತೆಗೆದು ಸುಮಾರು ಒಂದು ತಿಂಗಳಾಗಿತ್ತು. ಬೆಳಗಿನ ಹೊತ್ತು. ಅವನು ಟೀ ಲೋಟ ಹಿಡಿದು, ಏನೂ ನಿರೀಕ್ಷೆಯಿಲ್ಲದೆ, ರೂಢಿಗೆ ಬಿದ್ದವನಂತೆ ಶುರು ಮಾಡಿದ. ಒಬ್ಬ ಮುದುಕಪ್ಪ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ದ ಕಣೇ. ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ಮಧ್ಯೆ. ಬಾಗಿಲು ತೆಗೆದ್ರೆ ಮುದುಕಪ್ಪ ಏನಂತಾನೆ ಗೊತ್ತಾ?

"ಏನಂತಾನೆ?" ಎಂದಳು ಅವಳು.

ಅವನು ಲೋಟ ಕೆಳಗಿಟ್ಟ. ಹನ್ನೊಂದು ವರ್ಷದಲ್ಲಿ ಈ ಪ್ರಶ್ನೆ ಬಂದದ್ದು ಇದೇ ಮೊದಲು. ಒಂದು ಕ್ಷಣ ಕತೆಯ ಕೊನೆಯೇ ಮರೆತುಹೋಯಿತಂತೆ.

"ಅದೇ… ನಾನು ಹೊರಗೆ ಬಾರಪ್ಪ ಅಂದ್ರೆ, ಬರಲ್ಲ ಅಂತಾನೆ. 'ನಾನು ಐದನೇ ಮಹಡಿ ಒತ್ತಿದ್ದೀನಿ. ಐದು ಬರ್ಲಿ, ಆಮೇಲೆ ಇಳೀತೀನಿ' ಅಂತಾನೆ."

ಅವಳು ನಗಲಿಲ್ಲ. ಮೇಜಿನ ಮೇಲಿನ ಬಟ್ಟೆಯ ಮೂಲೆ ಅವಳ ಬೆರಳ ನಡುವೆ ಇತ್ತು. ಅದನ್ನು ಬಿಟ್ಟಳು.

"ಆಮೇಲೆ?" ಎಂದಳು. "ಇಳಿದನಾ?"

"ತಾನಾಗಿ ಎಲ್ಲಿ ಇಳೀತಾನೆ? ಕೈ ಹಿಡ್ಕೊಂಡು ಇಳಿಸ್ದೆ. ಎರಡು ಮಹಡಿ ಮೆಟ್ಟಿಲು ಹತ್ತಿಸ್ಕೊಂಡು ಹೋಗಿ ಮನೆ ಬಾಗ್ಲಿಗೆ ಬಿಟ್ಟೆ" ಎಂದ ಗಂಡ. "ದಾರಿಯುದ್ದಕ್ಕೂ ನನ್ನ ಬೈತಿದ್ದ."